ಹಳೆಯ ಕಾರಿನ ಎಂಜಿನ್ ಆಯಿಲ್ ಸೋರಿಕೆ: ಪತ್ತೆ ಮತ್ತು ಪರಿಹಾರ

ಹಂಚಿನ ಮಾಡಿನ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಆಷಾಢದ ಮಳೆಗೆ ಜಗಲಿಯ ನಡುವೆ ನೀರು ತೊಟ್ಟಿಕ್ಕಿದರೆ, ಒಡೆದ ಹಂಚು ಅದರ ನೇರ ಮೇಲೆ ಇರುವುದು ಅಪರೂಪ. ನೀರು ಎಲ್ಲೋ ಮೇಲೆ ಒಳಬಂದು, ಪಕಾಸಿನ ಗುಂಟ ಜಾರಿ, ತಡೆ ಸಿಕ್ಕಲ್ಲಿ ಕೆಳಗೆ ಬೀಳುತ್ತದೆ. ತೊಟ್ಟಿಕ್ಕುವ ಜಾಗದ ಹಂಚನ್ನು ಬದಲಾಯಿಸಿದವನು ಮರುದಿನ ಮತ್ತೆ ಏಣಿ ಹತ್ತಬೇಕು. ಕಾರಿನ ಎಂಜಿನ್ನಿನಿಂದ ಆಯಿಲ್ ಸೋರುವುದೂ ಹೀಗೆಯೇ.

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಇಂದಿಗೂ ಹಳೆಯ ಅಂಬಾಸಡರ್, ಮಾರುತಿ 800 ಅಥವಾ ಜೀಪು ಇದೆ. ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಅಂದರೆ ಇವುಗಳಲ್ಲಿ ತೀರ ಹೊಸದಕ್ಕೂ ಹತ್ತು ವರ್ಷ ದಾಟಿದೆ. ಇಂಥ ವಾಹನದ ಕೆಳಗೆ ನಾಲ್ಕು ತೊಟ್ಟು ಆಯಿಲ್ ಕಂಡರೆ ಕೆಲವರು ಅಲಕ್ಷಿಸುತ್ತಾರೆ. ಕೆಲವರು ಗಾಬರಿಯಾಗಿ ಎಂಜಿನ್ ಇಳಿಸಲು ಒಪ್ಪಿಬಿಡುತ್ತಾರೆ. ಎರಡೂ ನಷ್ಟದ ದಾರಿ. ಮಳೆಗಾಲದ ನಡುರಾತ್ರಿ ರೋಗಿಯನ್ನು ಘಟ್ಟ ಇಳಿಸಲು ಇರುವುದು ಅದೊಂದೇ ವಾಹನವಾದಾಗ, ಈ ವಿಷಯವನ್ನು ಸ್ವಲ್ಪ ಕಲಿತುಕೊಂಡಿರುವುದು ಒಳ್ಳೆಯದು.

ಮೊದಲು ನಮ್ಮದೇ ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಡಾಬಕಾಕ್ಕೆ ಹೋಗಬೇಕಾಗಿ ಬಂತು. ನಮ್ಮ ಭಾವಮೈದುನರು ಅಲ್ಲಿ ಶಾಲಾ ಶಿಕ್ಷಕರಾಗಿದ್ದರು. ಕೊಪ್ಪದಿಂದ ಬೀದರ್ 600 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಡರ್. ಮನೆಯಲ್ಲಿ ಕಾರು ನಿಲ್ಲಿಸಿದಲ್ಲಿ ಎರಡು ಮೂರು ತೊಟ್ಟು ಬೀಳುತ್ತಿದ್ದುದು ನಿಜ. ನಾವು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಬಯಲುಸೀಮೆಯ ಬಿಸಿಲಿನಲ್ಲಿ ದಿನವಿಡೀ ಓಡಿದಾಗ ಸೋರಿಕೆ ಹೆಚ್ಚುತ್ತ ಹೋಯಿತು. ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಬಗ್ಗಿ ನೋಡಿದವರು, “ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಮೂರು ದಿನದ ಕೆಲಸ” ಎಂದರು. ಅಷ್ಟು ದಿನ ನಿಲ್ಲುವಂತಿರಲಿಲ್ಲ. ಒಂದು ಡಬ್ಬಿ ಆಯಿಲ್ ಕೊಂಡು, ಆಗಾಗ ತುಂಬಿಸುತ್ತ ಡಾಬಕಾ ಸೇರಿದೆವು.

ಭಾವಮೈದುನರು ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಮನೆಗೇ ಕರೆತಂದರು. ಅವರು ಪಾನ ಕೈಗೆತ್ತಿಕೊಳ್ಳಲಿಲ್ಲ. ಸೀಮೆಎಣ್ಣೆ, ಒಂದು ಬ್ರಶ್ಶು, ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಕೇಳಿದರು. “ಸಾವ್ಕಾರ್ರ, ಎಣ್ಣಿ ಎಲ್ಲಿ ಬೀಳತದ ಅಲ್ಲಿ ನೋಡಬ್ಯಾಡ್ರಿ. ಎಲ್ಲಿಂದ ಬರತದ, ಅದು ನೋಡ್ರಿ” ಎಂದರು. ಎಂಜಿನ್ ತೊಳೆದು, ಒಣಗಿಸಿ, ಪೌಡರ್ ಎರಚಿ ಕಾಲು ಗಂಟೆ ಓಡಿಸಿದಾಗ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಅದು ಎಂಜಿನ್ನಿನ ಪಕ್ಕದಲ್ಲಿರುವ ಎರಡು ಸೈಡ್ ಕವರುಗಳ ಪೈಕಿ ಹಿಂದಿನದರಿಂದ ಹೊರಟು, ಬ್ಲಾಕಿನ ಗೋಡೆಯ ಗುಂಟ ಇಳಿದು, ಕ್ಲಚ್ಚಿನ ಗೂಡಿನ ತಳದಲ್ಲಿ ತೊಟ್ಟಿಕ್ಕುತ್ತಿತ್ತು. ಹಿಂದಿನ ಸೀಲಿನದೆಂದು ಹೇಳಿದ ಸೋರಿಕೆ ಇದೇ.

ಅಷ್ಟಕ್ಕೇ ಅವರು ಬಿಡಲಿಲ್ಲ. ಆ ಕವರಿನ ಪ್ಯಾಕಿಂಗ್ ಯಾಕೆ ಸೋರಿತು ಎಂದು ಹುಡುಕಿದರು. ಮುಂದಿನ ಸೈಡ್ ಕವರಿನಿಂದ ಕೆಳಗಿಳಿಯುವ ಬ್ರೀದರ್ ಕೊಳವೆಯ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು! ಹಿಂದಿನ ಮಳೆಗಾಲದಲ್ಲಿ ಕಾರು ಕೊಟ್ಟಿಗೆಯಲ್ಲಿ ಎರಡು ತಿಂಗಳು ಸುಮ್ಮನೆ ನಿಂತಿದ್ದಾಗ ಆದ ಕೆಲಸ. ಮೇಲಿನಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಕೊಳವೆಯೂ ಒಳಗೆ ಉಬ್ಬಿ, ಕೆಸರು ಕಟ್ಟಿ ಮುಚ್ಚಿತ್ತು. ಎಂಜಿನ್ನಿಗೆ ಉಸಿರಾಡಲು ದಾರಿಯೇ ಇರಲಿಲ್ಲ. ಒಳಗಿನ ಒತ್ತಡ ದುರ್ಬಲವಾದ ಪ್ಯಾಕಿಂಗನ್ನು ಹುಡುಕಿ ಆಯಿಲನ್ನು ಹೊರದೂಡುತ್ತಿತ್ತು. ಮ್ಯಾನಿಫೋಲ್ಡ್ ಬಿಚ್ಚಬೇಕಾದ್ದರಿಂದ ಅರ್ಧ ದಿನ ಹಿಡಿಯಿತು. ಕಾರ್ಕ್ ಹಾಳೆಯಿಂದ ಕತ್ತರಿಸಿದ ಒಂದು ಪ್ಯಾಕಿಂಗ್, ಒಂದು ತುಂಡು ರಬ್ಬರ್ ಕೊಳವೆ, ಇಷ್ಟೇ ಖರ್ಚು. ಅದೇ ಎಂಜಿನ್ನು, ಅದೇ ಹಿಂಬದಿ, ಗೇರ್‌ಬಾಕ್ಸ್ ಇಳಿಸದೆ ಊರಿಗೆ ಮರಳಿತು.

ಆ ದಿನ ಕಲಿತುದನ್ನೂ ಅನಂತರ ಓದಿ, ಮಾಡಿ ತಿಳಿದುದನ್ನೂ ಕ್ರಮವಾಗಿ ಇಲ್ಲಿ ಕೊಡುತ್ತಿದ್ದೇವೆ.

ಸೋರುತ್ತಿರುವುದು ಎಂಜಿನ್ ಆಯಿಲೇ ಹೌದೇ?

ರಾತ್ರಿ ಕಾರು ನಿಲ್ಲಿಸಿದ ಮೇಲೆ ಕೆಳಗೆ ಅಗಲವಾದ ರಟ್ಟು ಅಥವಾ ಬಿಳಿ ಕಾಗದ ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿರಿ. ಬೆಳಿಗ್ಗೆ ಕಲೆಯ ಜಾಗ, ಬಣ್ಣ, ವಾಸನೆ ನೋಡಿರಿ.

ಕಂದು ಇಲ್ಲವೆ ಕಪ್ಪು ಬಣ್ಣದ್ದು ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್. ನೀರಿನಂತೆ ತೆಳುವಾಗಿ, ಹಸಿರು ಬಣ್ಣವಿದ್ದು ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟ್. ತೆಳುವಾಗಿ, ಜಾರಿಕೆಯಿಂದ ಕೂಡಿ, ಬಣ್ಣವಿಲ್ಲದೆ ಅಥವಾ ತಿಳಿ ಹಳದಿಯಾಗಿ, ಚಕ್ರದ ಬಳಿ ಅಥವಾ ಪೆಡಲಿನ ಕೆಳಗೆ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಬ್ರೇಕ್ ಆಯಿಲ್ ಎಂದು ಅನುಮಾನ ಬಂದರೆ ಆ ವಾಹನವನ್ನು ದುರಸ್ತಿಯಾಗುವವರೆಗೆ ರಸ್ತೆಗೆ ಇಳಿಸತಕ್ಕದ್ದಲ್ಲ.

ಆಯಿಲಿನ ಮಟ್ಟ ನೋಡುವಾಗ ಒಂದು ಎಚ್ಚರ. ನಮ್ಮ ಅಂಗಳಗಳೆಲ್ಲ ಇಳಿಜಾರು. ವಾಹನ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಕಳೆದಿರಬೇಕು. ಇಳಿಜಾರಿನಲ್ಲಿ ನೋಡಿ ಕಡಿಮೆಯಿದೆಯೆಂದು ಮೇಲಿನ ಗುರುತು ಮೀರಿ ತುಂಬಿದರೆ, ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಹೆಚ್ಚಾದ ಆಯಿಲ್ ಸೀಲುಗಳ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಎಷ್ಟೋ ‘ಸೋರಿಕೆ’ಗಳು ಹೆಚ್ಚು ತುಂಬಿದ್ದರಿಂದಲೇ ಆದವು.

ತೊಳೆದು ನೋಡುವ ಕ್ರಮ

ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಡಿಸ್ಟ್ರಿಬ್ಯೂಟರ್, ಡೈನಮೋ ಅಥವಾ ಆಲ್ಟರ್ನೇಟರ್, ಕಾರ್ಬ್ಯುರೇಟರ್ ಬಾಯಿ ಇವನ್ನು ಪ್ಲಾಸ್ಟಿಕ್ ಚೀಲದಿಂದ ಕಟ್ಟಿರಿ. ಸೀಮೆಎಣ್ಣೆಯನ್ನೂ, ಅದು ಸಿಕ್ಕದಿದ್ದರೆ ಡೀಸೆಲನ್ನೂ ಬ್ರಶ್ಶಿನಿಂದ ಹಚ್ಚಿ ಹಳೆಯ ಜಿಡ್ಡನ್ನು ಮೇಲಿನಿಂದ ಕೆಳಕ್ಕೆ ತೆಗೆಯಿರಿ. ಪೆಟ್ರೋಲ್ ಖಂಡಿತ ಬೇಡ. ಕೆಳಗೆ ತಗಡಿನ ತಟ್ಟೆ ಇಟ್ಟು, ಬಿದ್ದುದನ್ನು ಮರದ ಹೊಟ್ಟಿನಲ್ಲಿ ಹೀರಿಸಿರಿ. ತೋಡಿನ ದಡದಲ್ಲಿ ವಾಹನ ತೊಳೆಯುವ ರೂಢಿ ನಮ್ಮಲ್ಲಿದೆ. ಅದೇ ನೀರು ಕೆಳಗಿನವರ ತೋಟಕ್ಕೂ ಬಾವಿಗೂ ಹೋಗುತ್ತದೆಂಬುದನ್ನು ಮರೆಯಬಾರದು.

ಬಟ್ಟೆಯಿಂದ ಒರೆಸಿ, ಸೀಮೆಎಣ್ಣೆಯ ವಾಸನೆ ಹೋಗುವಷ್ಟು ಹೊತ್ತು ಬಾನೆಟ್ ತೆರೆದಿಟ್ಟು ಒಣಗಿಸಿರಿ. ಅನುಮಾನದ ಜಾಗಗಳಿಗೆ ಪೌಡರ್ ತೆಳುವಾಗಿ ಎರಚಿರಿ. ಚೀಲಗಳನ್ನು ತೆಗೆದು, ಬ್ಯಾಟರಿ ಜೋಡಿಸಿ, ಎಂಜಿನ್ ಬಿಸಿಯಾಗುವಷ್ಟು ಹೊತ್ತು ಓಡಿಸಿ ನಿಲ್ಲಿಸಿರಿ. ಅನಂತರ ಟಾರ್ಚ್ ಹಿಡಿದು ನೋಡಿರಿ. ಮೊದಲ ಸಲ ಏನೂ ಕಾಣದಿದ್ದರೆ ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕು.

ಇಲ್ಲಿ ಒಂದೇ ನಿಯಮ: ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಆಯಿಲ್ ಕೆಳಕ್ಕೆ ಇಳಿಯುತ್ತದೆ. ಫ್ಯಾನಿನ ಮತ್ತು ಓಟದ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಹೀಗಾಗಿ ಮುಂಭಾಗದ ಸಣ್ಣ ಸೋರಿಕೆಯೊಂದು ಇಡೀ ಎಂಜಿನ್ನಿನ ತಳವನ್ನು ಒದ್ದೆ ಮಾಡಬಲ್ಲದು.

ಕಾರಿನ ಕೆಳಗೆ ಮಲಗಬೇಕಾದರೆ ಜ್ಯಾಕ್ ಒಂದನ್ನೇ ನಂಬಬಾರದು. ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಇಡಿರಿ. ಇಟ್ಟಿಗೆ, ಸಿಮೆಂಟ್ ಬ್ಲಾಕು, ಕಾಡುಕಲ್ಲು ಯಾವುದೂ ಸಲ್ಲ. ಭಾರಕ್ಕೆ ಹಠಾತ್ತನೆ ಒಡೆಯುತ್ತವೆ ಅಥವಾ ಜಾರುತ್ತವೆ.

ಪ್ಯಾಕಿಂಗಿಗೆ ಮೊದಲು ಉಸಿರಾಟ

ಸಿಲಿಂಡರಿನಲ್ಲಿ ಉರಿದ ಅನಿಲ ಸ್ವಲ್ಪ ಮಟ್ಟಿಗೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಹೊಸ ಎಂಜಿನ್ನಿನಲ್ಲಿ ಕಡಿಮೆ, ಸವೆದ ಎಂಜಿನ್ನಿನಲ್ಲಿ ಹೆಚ್ಚು. ಅದು ಹೊರಹೋಗಲೆಂದೇ ಬ್ರೀದರ್ ಇರುವುದು. ಬ್ರೀದರ್ ಮುಚ್ಚಿದ್ದರೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಇನ್ನೊಂದು ಕಡೆ ಸೋರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ಹಾಗೆಯೇ ಇಟ್ಟು ನೋಡಿರಿ. ತುಸು ಹಬೆ ಬಂದರೆ ಸಹಜ. ಮುಚ್ಚಳ ಕುಣಿದರೆ, ಹೊಗೆ ಬುಸುಗುಟ್ಟುತ್ತ ಬಂದರೆ ಒಳಗೆ ಒತ್ತಡವಿದೆ. ಆಗ ಬ್ರೀದರ್ ಕೊಳವೆ ಮತ್ತು ಅದರೊಳಗಿನ ತಂತಿಬಲೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊದಿ, ರಬ್ಬರ್ ಕೊಳವೆ ಮೆದುವಾಗಿದ್ದರೆ ಬದಲಾಯಿಸಿರಿ. ಇಷ್ಟು ಮಾಡಿಯೂ ಹಾಗೆಯೇ ಹೊಗೆ ಬರುತ್ತಿದ್ದರೆ ರಿಂಗು, ಬೋರು ಸವೆದಿವೆಯೆಂದು ಅರ್ಥ. ಅದಕ್ಕೆ ಪ್ಯಾಕಿಂಗ್ ಮದ್ದಲ್ಲ. ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು.

ಎಲ್ಲೆಲ್ಲಿ ಸೋರುತ್ತದೆ?

ಸುಲಭವಾದುದರಿಂದ ಕಷ್ಟದ್ದಕ್ಕೆ ಹೋಗುವುದು ಜಾಣತನ.

1. ಡ್ರೈನ್ ಬೋಲ್ಟ್: ಇದರ ತಾಮ್ರದ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಆಯಿಲ್ ಬದಲಿಸುವಾಗ ವಾಷರನ್ನೂ ಬದಲಿಸಿರಿ. ಬೋಲ್ಟನ್ನು ಪೈಪು ಸಿಕ್ಕಿಸಿ ಬಿಗಿದರೆ ಮರೆ ಹಾಳಾಗುತ್ತದೆ.

2. ಫಿಲ್ಟರ್: ಆಯಿಲ್ ಬದಲಿಸಿದ ಬೆನ್ನಿಗೇ ಸೋರಿಕೆ ಶುರುವಾದರೆ ಮೊದಲು ನೋಡಬೇಕಾದ್ದು ಇದನ್ನೇ. ಹಳೆಯ ರಬ್ಬರ್ ಬಳೆ ಗಾಡಿಯಲ್ಲೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತಿರುತ್ತದೆ. ಕೈಯಿಂದ ತಿರುಗಿಸಿ ಹಾಕುವ ಫಿಲ್ಟರಿನ ಬಳೆಗೆ ಬೆರಳಿನಿಂದ ಆಯಿಲ್ ಸವರಿ, ಬಳೆ ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿದರೆ ಸಾಕು.

3. ಆಯಿಲ್ ಪ್ರೆಶರ್ ಸ್ವಿಚ್: ಡ್ಯಾಶ್‌ಬೋರ್ಡಿನ ಕೆಂಪು ದೀಪಕ್ಕೆ ತಂತಿ ಹೋಗುವ ಸಣ್ಣ ಗುಂಡಿ. ಇದರ ತಂತಿಯ ಬುಡದಲ್ಲೇ ಆಯಿಲ್ ಒಸರುತ್ತಿದ್ದರೆ ಸ್ವಿಚ್ ಒಳಗೆ ಹರಿದಿದೆ. ಭಾಗ ಅಗ್ಗದ್ದು, ಆದರೆ ಹಿಂದೆ ಇರುವುದು ಪಂಪಿನ ಪೂರ್ಣ ಒತ್ತಡ. ಇಂದು ಒಸರುವುದು ನಾಳೆ ಚಿಮ್ಮಬಹುದು, ತಡಮಾಡಬಾರದು. ಗೇಜಿಗೆ ಹೋಗುವ ತೆಳು ಕೊಳವೆಯಿದ್ದರೆ ಅದಕ್ಕೂ ಇದೇ ಮಾತು.

4. ಮೇಲಿನ ಟ್ಯಾಪೆಟ್ ಕವರ್: ಅತಿ ಸಾಮಾನ್ಯವಾದ ಸೋರಿಕೆ. ಕಾರ್ಕ್ ಒಣಗಿ ಬಿರುಕು ಬಿಡುತ್ತದೆ, ರಬ್ಬರ್ ಗಡುಸಾಗುತ್ತದೆ. ಅಂಬಾಸಡರಿನಲ್ಲಿ ಮೇಲಿನ ಎರಡು ನಟ್ಟುಗಳ ಕೆಳಗಿರುವ ರಬ್ಬರ್ ಬುಶ್ಶುಗಳನ್ನೂ ಬದಲಿಸಬೇಕು. ಇಲ್ಲಿಂದ ಇಳಿದ ಆಯಿಲ್ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಸುಟ್ಟ ವಾಸನೆ, ಹೊಗೆ ಬರುತ್ತದೆ. ಬೇಸಗೆಯಲ್ಲಿ ತೋಟದ ತರಗೆಲೆಯ ಮೇಲೆ ವಾಹನ ನಿಲ್ಲಿಸುವವರು ಇದನ್ನು ಲಘುವಾಗಿ ಎಣಿಸಬಾರದು.

5. ಸೈಡ್ ಕವರ್ ಮತ್ತು ಡಿಸ್ಟ್ರಿಬ್ಯೂಟರಿನ ಬುಡ: ಸೈಡ್ ಕವರಿನ ಕಥೆ ಆಗಲೇ ಹೇಳಿದೆವು. ಮಾರುತಿ 800ರಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಕಡೆಯ ರಬ್ಬರ್ ಬಳೆ ಗಡುಸಾಗಿ ಅಲ್ಲಿಂದ ಸೋರುವುದುಂಟು.

6. ಮುಂದಿನ ಟೈಮಿಂಗ್ ಕವರ್: ಕ್ರ್ಯಾಂಕ್ ಪುಲ್ಲಿಯ ಹಿಂದೆ ಇರುವ ಸೀಲ್ ಹೋದರೆ ಆಯಿಲ್ ವೃತ್ತಾಕಾರವಾಗಿ ಸಿಡಿದ ಗುರುತು ಕಾಣುತ್ತದೆ. ಹೊಸ ಸೀಲ್ ಹಾಕುವ ಮುನ್ನ ಪುಲ್ಲಿಯ ಕುತ್ತಿಗೆಯ ಮೇಲೆ ಉಗುರು ಆಡಿಸಿ ನೋಡಿರಿ. ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಬಾಳದು. ಪುಲ್ಲಿಯನ್ನು ಲೇತಿನವರಿಗೆ ತೋರಿಸಬೇಕು.

7. ಸಂಪ್, ಅಂದರೆ ಮೆಕ್ಯಾನಿಕ್ಕುಗಳು ಹೇಳುವ ಚೇಂಬರ್: ತೋಟದ ದಾರಿಯ ಕಲ್ಲಿಗೆ ತಾಗಿ ತಗಡು ಜಜ್ಜಿರುತ್ತದೆ, ಅಂಚು ಬಾಗಿರುತ್ತದೆ. ಮೇಲಿನ ಎಲ್ಲ ಸೋರಿಕೆಗಳೂ ಕೊನೆಗೆ ಇಲ್ಲಿಗೇ ಇಳಿಯುವುದರಿಂದ, ತಪ್ಪಿಲ್ಲದ ಸಂಪ್ ಪ್ಯಾಕಿಂಗನ್ನು ಬದಲಿಸಿದವರೇ ಹೆಚ್ಚು.

8. ಕ್ರ್ಯಾಂಕಿನ ಹಿಂಭಾಗ: ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿ, ಕ್ಲಚ್ ಗೂಡಿನ ತಳದ ತೂತಿನಿಂದ ತೊಟ್ಟಿಕ್ಕಿದರೆ ಮೊದಲು ವಾಸನೆ ನೋಡಿರಿ. ಅದು ಗೇರ್ ಆಯಿಲೂ ಆಗಿರಬಹುದು. ಮೇಲಿನ ಏಳೂ ಜಾಗ ಒಣಗಿವೆಯೆಂದು ಖಚಿತವಾದ ಮೇಲೆಯೇ ಹಿಂಭಾಗವನ್ನು ದೂರಬೇಕು. ಅಂಬಾಸಡರಿನ 1489 ಸಿಸಿ ಎಂಜಿನ್ನಿನಲ್ಲಿ ಅಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸ್ಕ್ರೂವಿನಂಥ ಮರೆಯು ತಿರುಗುತ್ತ ಆಯಿಲನ್ನು ಒಳಕ್ಕೆ ಮರಳಿಸುತ್ತದೆ. ಎಂಜಿನ್ ನಿಂತ ಮೇಲೆ ಒಂದೆರಡು ತೊಟ್ಟು ಬೀಳುವುದು ಅದರ ಹುಟ್ಟುಗುಣ. ಆ ತೂತನ್ನೂ ಅದರಲ್ಲಿ ತೂಗುವ ಪಿನ್ನನ್ನೂ ಇಟ್ಟಿರುವುದೇ ಅದಕ್ಕಾಗಿ. ಪಿನ್ ತೆಗೆದು ತೂತು ಮುಚ್ಚಿದರೆ ಆಯಿಲ್ ಒಳಗೇ ತುಂಬಿ ಕ್ಲಚ್ ಪ್ಲೇಟಿಗೆ ತಾಗಿ ಕ್ಲಚ್ ಜಾರತೊಡಗುತ್ತದೆ. ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾದರೆ ಕ್ಲಚ್ ಪ್ಲೇಟನ್ನೂ ಅದೇ ಸಲ ನೋಡಿಸಿಬಿಡಿ, ಕೂಲಿ ಉಳಿಯುತ್ತದೆ.

ಪ್ಯಾಕಿಂಗ್ ಹಾಕುವ ರೀತಿ

ಸೋರಿದ ಕೂಡಲೇ ಬೋಲ್ಟ್ ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ತಗಡಿನ ಕವರು ಬೋಲ್ಟ್ ಇರುವಲ್ಲಿ ಗುಳಿ ಬಿದ್ದು, ನಡುವೆ ಎದ್ದು ನಿಲ್ಲುತ್ತದೆ. ಕಾರ್ಕ್ ಹಿಚುಕಿ ಹರಿಯುತ್ತದೆ. ಬಿಗಿದಷ್ಟೂ ಹೆಚ್ಚು ಸೋರುತ್ತದೆ.

ಕವರ್ ತೆಗೆದು, ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪೂರ್ತಿ ಕೆರೆದು, ಎರಡೂ ಮುಖಗಳನ್ನು ಜಿಡ್ಡಿಲ್ಲದಂತೆ ಒರೆಸಿರಿ. ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆ ಮುಚ್ಚಿರಬೇಕು. ಕೆಲಸ ಮುಗಿದ ಮೇಲೆ ಆ ಬಟ್ಟೆ ತೆಗೆಯಲು ಮರೆಯಬಾರದು. ಕವರಿನ ಅಂಚನ್ನು ಸಮತಟ್ಟಾದ ಗಾಜಿನ ಮೇಲೆ ಇಟ್ಟು ನೋಡಿ, ಬಾಗಿದ್ದರೆ ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರ ಮಾಡಿರಿ. ಹೊಸ ಪ್ಯಾಕಿಂಗನ್ನು ಕವರಿನ ಕಡೆಗೆ ಮಾತ್ರ ಶೆಲ್ಲಾಕಿನಿಂದ ಅಂಟಿಸಿದರೆ ಮುಂದೆ ಬಿಚ್ಚುವಾಗ ಹಾಳಾಗುವುದಿಲ್ಲ. ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಿರಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ, ತಣಿದಾಗ, ಇನ್ನೊಮ್ಮೆ ಕೈಯಾಡಿಸಿರಿ.

ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟನ್ನು ದಪ್ಪಗೆ ಮೆತ್ತುವುದು ಅಪಾಯ. ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಅಷ್ಟೇ ಒಳಗೂ ಉಬ್ಬಿರುತ್ತದೆ. ಆ ತುಂಡುಗಳು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಬೇರಿಂಗುಗಳಿಗೆ ಆಯಿಲ್ ತಪ್ಪುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಂಡಂತಾಗುತ್ತದೆ.

ಆಯಿಲಿಗೆ ಸುರಿಯುವ ‘ಸೋರಿಕೆ ನಿಲ್ಲಿಸುವ ಔಷಧ’ಗಳು ಗಡುಸಾದ ರಬ್ಬರನ್ನು ತುಸು ಮೆದು ಮಾಡಬಹುದು. ಹರಿದ ಕಾರ್ಕಿಗೂ ಸವೆದ ಪುಲ್ಲಿಗೂ ಅವುಗಳಿಂದ ಏನೂ ಆಗದು.

ಎಷ್ಟರವರೆಗೆ ಸಹಿಸಬಹುದು?

ಲೆಕ್ಕಕ್ಕಾಗಿ 25 ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಹಿಡಿಯೋಣ. ಹತ್ತು ಸೆಕೆಂಡಿಗೊಂದು ತೊಟ್ಟು ಬಿದ್ದರೆ ಗಂಟೆಗೆ ಸುಮಾರು 14 ಮಿಲಿಲೀಟರ್. ವಾರಕ್ಕೊಮ್ಮೆ ಪೇಟೆಗೆ ಹೋಗುವವರಿಗೆ ಇದು ದೊಡ್ಡದಲ್ಲ. ಸೆಕೆಂಡಿಗೊಂದು ಬಿದ್ದರೆ ಗಂಟೆಗೆ 144 ಮಿಲಿಲೀಟರ್. ಏಳು ಗಂಟೆಯ ಪ್ರಯಾಣದಲ್ಲಿ ಒಂದು ಲೀಟರ್ ಹೋಯಿತು. ಗೇಜ್ ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸಿನದು. ನಮಗೆ ಬೀದರಿನ ದಾರಿಯಲ್ಲಿ ಆದದ್ದು ಇದೇ. ಬಿಸಿಯಾದಷ್ಟೂ ಆಯಿಲ್ ತೆಳುವಾಗುತ್ತದೆ. ಮಲೆನಾಡಿನ ತಂಪಿನಲ್ಲಿ ತೊಟ್ಟಿಕ್ಕುವುದು ಬಯಲುಸೀಮೆಯ ಬಿಸಿಲಿನಲ್ಲಿ ಹರಿಯುತ್ತದೆ. ವಾಹನದ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು.

ಓಡುತ್ತಿರುವಾಗ ಕೆಂಪು ದೀಪ ಹೊತ್ತಿದರೆ ‘ಮುಂದಿನ ಊರಿನವರೆಗೆ’ ಎನ್ನದೆ ತಕ್ಷಣ ಬದಿಗೆ ತಂದು ಎಂಜಿನ್ ನಿಲ್ಲಿಸಿರಿ. ಆಯಿಲ್ ಇಲ್ಲದೆ ಕೆಲವೇ ನಿಮಿಷ ಓಡಿದರೂ ಬೇರಿಂಗುಗಳು ಸುಟ್ಟುಹೋಗಬಹುದು.

ಕಾಫಿ, ಅಡಿಕೆ ಒಣಗಿಸುವ ಕಣದಲ್ಲಿ ಇಂಥ ವಾಹನ ನಿಲ್ಲಿಸಲೇಬಾರದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ವರ್ಷದ ದುಡಿಮೆ ಒಂದು ಕಲೆಯಿಂದ ಕೆಡಬಾರದು. ತೆಗೆದ ಹಳೆಯ ಆಯಿಲನ್ನು ಗೆದ್ದಲಿಗೆಂದು ಕಂಬಕ್ಕೆ ಬರಿಗೈಯಲ್ಲಿ ಬಳಿಯುವ ಅಭ್ಯಾಸವನ್ನೂ ಬಿಡಬೇಕು. ಅದರಲ್ಲಿ ಕ್ಯಾನ್ಸರ್ ತರಬಲ್ಲ ಪದಾರ್ಥಗಳಿವೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಆಯಿಲನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿರಿ.

ಕೊನೆಯದಾಗಿ

ಒಂದು ಸಣ್ಣ ಪುಸ್ತಕವನ್ನು ಕಾರಿನಲ್ಲಿಡಿ. ಪ್ರತಿ ಭಾನುವಾರ ಬೆಳಿಗ್ಗೆ ಗೇಜ್ ಕಡ್ಡಿ ನೋಡಿ, ಮೀಟರಿನ ಅಂಕಿ ಮತ್ತು ಹಾಕಿದ ಆಯಿಲನ್ನು ಬರೆದಿಡಿ. ಸೋರಿಕೆ ಹೆಚ್ಚುತ್ತಿದೆಯೇ, ಇದ್ದಷ್ಟೇ ಇದೆಯೇ ಎಂದು ಆ ಪುಸ್ತಕ ಹೇಳುತ್ತದೆ. ಮಳೆಗಾಲ ಕಳೆದು ವಾಹನವನ್ನು ಕೊಟ್ಟಿಗೆಯಿಂದ ಹೊರತೆಗೆಯುವಾಗ ಬ್ರೀದರ್ ಕೊಳವೆಯ ಬಾಯಿಯನ್ನು ಒಮ್ಮೆ ಇಣುಕಿ ನೋಡಿರಿ. ನಾವು ಈಗ ಪ್ರತಿ ವರ್ಷ ನೋಡುತ್ತೇವೆ. ಕಳೆದ ವರ್ಷವೂ ಅಲ್ಲಿ ಕಣಜದ ಮಣ್ಣು ಅಂಟಿತ್ತು. ಈ ಬಾರಿ ಅದನ್ನು ತೆಗೆಯಲು ಒಂದು ಹಂಚಿಕಡ್ಡಿ ಸಾಕಾಯಿತು.